ಹದ್ದು ಕಾಯುವ ಟ್ಯಾಂಕು

ವಿಡಿಯೊ ಗೇಮ್ ಕ್ಯಾಸೆಟ್ ಊದುವ ಚಟದ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಬೇಗ ಮುಗಿಸುತ್ತೇನೆ: ಊದಬೇಡಿ. ಆಟ ಶುರುವಾಗುತ್ತಿದ್ದದ್ದು ನಮ್ಮ ಉಸಿರಿನಿಂದಲ್ಲ, ತೆಗೆದು ಮತ್ತೆ ತುರುಕಿದಾಗ ಪಿನ್ನುಗಳು ಸರಿಯಾಗಿ ಕೂರುತ್ತಿದ್ದುದರಿಂದ. ಬಾಯಿಯ ತೇವ ಕಿಲುಬು ತರಿಸುತ್ತದೆ. ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ ಒರೆಸಿ, ಒಣಗಿದ ಮೇಲೆ ಹಾಕಿ.

ಈಗ ಸೆಗಾ ಪಕ್ಷದವರ ಹಳೇ ಬಾಕಿ. 1995ರಲ್ಲಿ ಶಾ ವಾಲೇಸ್ ಕಂಪನಿಯ ಮೂಲಕ ಸೆಗಾದ ಗೇಮ್ ಪೆಟ್ಟಿಗೆ ಮೆಗಾ ಡ್ರೈವ್ ಇಲ್ಲಿಗೆ ಬಂತು. ಅದನ್ನು ಕೊಂಡ ಮನೆಯ ಹುಡುಗರ ನಡಿಗೆಯೇ ಬದಲಾಯಿತು. ಹದಿನಾರು ಬಿಟ್ಟು! ನಮ್ಮದು ಬರೀ ಎಂಟು. ಅದೂ ಜಪಾನಿನ ನಿಂಟೆಂಡೊ ಕಂಪನಿಯ 1983ರ ಫ್ಯಾಮಿಕಾಮ್‌ನ ನಕಲು, ನ್ಯಾಷನಲ್ ಮಾರ್ಕೆಟ್ಟಿನ ಮಾಲು. ‘ಡೂಪ್ಲಿಕೇಟ್ ಗಿರಾಕಿಗಳು’ ಎಂದು ಹಂಗಿಸುತ್ತಿದ್ದರು. ಹೌದು ಸ್ವಾಮಿ, ಡೂಪ್ಲಿಕೇಟೇ. ಕ್ಯಾಸೆಟ್ಟಿನ ಮೇಲೆ 9999999 ಆಟ ಎಂದಿರುತ್ತಿತ್ತು. ಒಳಗಿದ್ದವು ಬೆರಳೆಣಿಕೆಯಷ್ಟು, ಮಿಕ್ಕದ್ದೆಲ್ಲ ಅವನ್ನೇ ಬೇರೆ ಬೇರೆ ಹಂತದಿಂದ ಶುರು ಮಾಡಿಸುವ ಚಾಲಾಕಿ. ಆದರೆ ಕಸುಬುದಾರಿಕೆಯನ್ನು ಬಿಟ್ಟಿನಲ್ಲಿ ಅಳೆಯಲಾಗದು. 1985ರ ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ 40 ಕಿಲೊಬೈಟ್. ಜಾಗ ಸಾಲದೆ, ಆಕಾಶದ ಮೋಡಕ್ಕೇ ಹಸಿರು ಬಳಿದು ನೆಲಕ್ಕಿಳಿಸಿ ಪೊದೆ ಮಾಡಿದರು. ಇಂಥ ಜಿಪುಣತನಕ್ಕೆ ಕೈ ಮುಗಿಯಬೇಕು.

ಮಾರಿಯೊ ಬಗ್ಗೆ ಮುಂದುವರಿಯಬಹುದಿತ್ತು, ಬೇಡ. ನಾನು ಕಡೆಯವರೆಗೂ ವಕಾಲತ್ತು ವಹಿಸುವುದು ಅದೇ ವರ್ಷದ, ನಾಮ್ಕೊ ಕಂಪನಿಯ ‘ಬ್ಯಾಟಲ್ ಸಿಟಿ’ಗೆ. ನಮ್ಮ ಬಾಯಲ್ಲಿ ಬರೀ ಟ್ಯಾಂಕ್. ಅಮೆರಿಕದ ನಿಂಟೆಂಡೊ ಮಕ್ಕಳಿಗೆ ಅಂಗಡಿಯಲ್ಲಿ ಇದು ಸಿಗಲೇ ಇಲ್ಲ. ಕಳ್ಳಮಾಲಿನ ಕೃಪೆ, ನಮಗೆ ಸಿಕ್ಕಿತು. ಪರದೆಯ ಕೆಳಗೆ ಇಟ್ಟಿಗೆ ಗೋಡೆಯೊಳಗೊಂದು ಹದ್ದು, ಮೇಲಿನಿಂದ ಹಂತಕ್ಕೆ 20ರಂತೆ ಶತ್ರು ಟ್ಯಾಂಕುಗಳು. ಸಲಿಕೆ ಸಿಕ್ಕರೆ ಇಟ್ಟಿಗೆ ಸ್ವಲ್ಪ ಹೊತ್ತು ಉಕ್ಕಾಗುತ್ತದೆ. ನಮ್ಮದೇ ಗುಂಡು ತಗುಲಿದರೂ ಹದ್ದು ಸತ್ತಿತೆಂದೇ ಲೆಕ್ಕ. ‘ಕನ್‌ಸ್ಟ್ರಕ್ಷನ್’ ಒತ್ತಿದರೆ ಸ್ವಂತ ಕೋಟೆ ಕಟ್ಟಬಹುದು, ಉಳಿಸಿಡಲು ಮಾತ್ರ ಬಾರದು. ಭಾನುವಾರ ಬೆಳಗೆಲ್ಲ ಕೂತು ಕಟ್ಟಿದ್ದನ್ನು ಲೋಡ್ ಶೆಡ್ಡಿಂಗ್ ಒಂದೇ ಏಟಿಗೆ ಕೆಡವುತ್ತಿತ್ತು.

ಇಬ್ಬರಾಡುವಾಗ ಇದರ ಮಜವೇ ಬೇರೆ. ತಮ್ಮನ ಗುಂಡು ತಗುಲಿದರೆ ನಾನು ಸಾಯುತ್ತಿರಲಿಲ್ಲ, ಕೆಲ ಕ್ಷಣ ನಿಂತಲ್ಲೇ ಕಲ್ಲಾಗುತ್ತಿದ್ದೆ. ಅವನು ಅದನ್ನು ಬೇಕೆಂದೇ ಮಾಡುತ್ತಿದ್ದ. ನಾನು ಬೈದರೆ ಟ್ಯಾಂಕು ತಿರುಗಿಸಿ ನಮ್ಮದೇ ಹದ್ದಿಗೆ ಗುರಿಯಿಡುತ್ತಿದ್ದ. ಆಟ ಅಲ್ಲಿಗೆ ಖತಂ. ಸೆಗಾ ಮನೆಯ ತಮ್ಮಂದಿರಿಗೆ ಈ ಅಧಿಕಾರ ಎಲ್ಲಿತ್ತು? 1992ರ ಸೋನಿಕ್ 2ರಲ್ಲಿ, ಎದುರುಬದುರಿನ ಪಂದ್ಯ ಬಿಟ್ಟು ಜೊತೆಯಾಗಿ ಆಡಿದರೆ, ಅವರ ಪಾಲಿಗೆ ಬರುತ್ತಿದ್ದದ್ದು ಟೇಲ್ಸ್ ಎಂಬ ನರಿಮರಿ. ಪರದೆ ಓಡುವುದು ಅಣ್ಣನ ಸೋನಿಕ್ ಜೊತೆ. ನರಿ ಹಿಂದುಳಿಯಿತೋ, ಕಣ್ಣಿಗೇ ಬೀಳದು. ಸತ್ತರೆ ಹಾರಿಕೊಂಡು ವಾಪಸ್ಸು ಬರುತ್ತದೆ, ಅಣ್ಣನಿಗೆ ಚಿಕ್ಕಾಸಿನ ನಷ್ಟವಿಲ್ಲ.