ಬೇಕಾಗುವ ಸಾಮಗ್ರಿಗಳು

ವಾರಪತ್ರಿಕೆಯ ಅಡುಗೆ ಪುಟ ತೆರೆದರೆ ಕಣ್ಣಿಗೆ ಮೊದಲು ಬೀಳುವ ಮಾತು 'ಬೇಕಾಗುವ ಸಾಮಗ್ರಿಗಳು'. ಅದರ ಕೆಳಗೆ ಅರ್ಧ ಬಟ್ಟಲು ತುಪ್ಪ, ಹತ್ತು ಗೋಡಂಬಿ, ನಾಲ್ಕು ಏಲಕ್ಕಿ. ಇವೆಲ್ಲ ಮನೆಯ ಡಬ್ಬಿಗಳಲ್ಲಿ ಆಗಲೇ ತುಂಬಿ ಕೂತಿವೆ ಎಂಬುದು ಬರೆಯುವವರ ನಂಬಿಕೆ. ನಮ್ಮ ಕೇರಿಯಲ್ಲಿ ಅಡುಗೆ ಶುರುವಾಗುವುದು ಅದಕ್ಕಿಂತ ಅರ್ಧ ದಿನ ಮುಂಚೆ. ಕಳೆ ಕೀಳಲು ಹೋದ ಅವ್ವ ಬದುವಿನ ಮೇಲಿನ ಅಣ್ಣೆಸೊಪ್ಪು, ಗಣಿಕೆಸೊಪ್ಪು ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಾಳಲ್ಲ, ಅಲ್ಲಿ. ರಾಗಿ ಮಿಲ್ಲಿಗೆ ಹೋಗಿ ಬರಬೇಕು, ಸೌದೆ ಬರಬೇಕು, ಪಕ್ಕದ ಮನೆಯಿಂದ ನಾಲ್ಕು ಮೆಣಸಿನಕಾಯಿ ಕಡ ಬರಬೇಕು. ಇದ್ಯಾವುದಕ್ಕೂ ಆ ಪುಟದಲ್ಲಿ ಜಾಗವಿಲ್ಲ. ಆ ಪುಟಕ್ಕೂ ಒಂದು ಜಾತಿ ಇದೆ ಎಂದರೆ 'ಅಡುಗೇಲೂ ಜಾತಿ ಹುಡುಕ್ತೀರಲ್ರೀ' ಅಂತಾರೆ. ಹುಡುಕಬೇಕಾಗಿಯೇ ಇಲ್ಲ. ಒಗ್ಗರಣೆ ಹಾಕುವಾಗಲೇ ಮೂಗಿಗೆ ಬಡಿಯುತ್ತದೆ.

ಇದಕ್ಕೊಂದು ಹಳೆಯ ಪರಂಪರೆಯೂ ಇದೆ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ಬದನೆ, ಬಾಳೆ, ಹಲಸುಗಳನ್ನು ಎಷ್ಟು ಬಗೆಯಲ್ಲಿ ಅಟ್ಟು ಬಡಿಸಬಹುದೆಂದು ಹೇಳುತ್ತಾನೆ. ಓದಿದರೆ ಬಾಯಲ್ಲಿ ನೀರೂರುತ್ತದೆ, ಒಪ್ಪುತ್ತೇವೆ. ಜೈನ ಕವಿ, ಬಾಡಿನ ಮಾತೆತ್ತುವುದಿಲ್ಲ. ಅದು ಅವನ ಧರ್ಮ, ತಕರಾರಿಲ್ಲ. ಆದರೆ ಅದಕ್ಕೂ ಹಿಂದೆ, ಸುಮಾರು 1130ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಹಂದಿ, ಆಮೆ, ಕೊನೆಗೆ ಇಲಿಯನ್ನೂ ಬೇಯಿಸುವ ಕ್ರಮ ಹೇಳಿದೆ. ಆ ಭಾಗದ ಹೆಸರು ಅನ್ನಭೋಗ. ಅದೇ ಇಲಿಯನ್ನು ಗದ್ದೆಯ ಬಿಲದಿಂದ ಹಿಡಿದು ಸುಟ್ಟು ತಿಂದವನ ಪಾಲಿಗೆ ಬಂದದ್ದು ಬೈಗುಳ. ರಾಗಿಯ ಕತೆಯೂ ಹೀಗೇ. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ಭತ್ತ ರಾಗಿಯನ್ನು ಹೀಯಾಳಿಸುತ್ತದೆ, ಇಬ್ಬರೂ ಆರು ತಿಂಗಳು ಸೆರೆಯಲ್ಲಿದ್ದು ಬಂದಾಗ ಕೆಡದೆ ಉಳಿಯುವುದು ರಾಗಿ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗ ಪಟ್ಟಣದ ಮೇಳಗಳಲ್ಲಿ ರಾಗಿಗೆ ಮರ್ಯಾದೆ ಬಂತು. ಅದನ್ನು ಇಷ್ಟು ಕಾಲ ಉಂಡು ಉಳಿಸಿದವರಿಗೆ ಬಂತೇ?

ಈಗೀಗ ಇನ್ನೊಂದು ಬಗೆಯ ಬರವಣಿಗೆ ಬೆಳೆದಿದೆ. 'ಅಮ್ಮನ ಕೈರುಚಿ' ಅಂತ ಅದನ್ನು ಕರೆಯೋಣ. ಮಳೆ, ಕಿಟಕಿ, ಬಿಸಿ ಕಾಫಿ, ಅಜ್ಜಿಯ ತೊವ್ವೆ, ಮನಸ್ಸಿಗೆ ಹಿತ. ಊಟ ಸಮಾಧಾನ ಕೊಡುತ್ತದೆ ಎಂಬುದನ್ನು ನಾವೇನೂ ಅಲ್ಲಗಳೆಯುವುದಿಲ್ಲ. ಕೇರಿಯ ಮಕ್ಕಳಿಗೆ ಜ್ವರ ಬಂದರೆ ಅಂಗಡಿಯಿಂದ ಒಂದು ಬನ್ನು ಬರುತ್ತದೆ, ಬಿಸಿ ಟೀಗೆ ಅದ್ದಿ ತಿನ್ನಿಸುತ್ತಾರೆ; ಜ್ವರವೇ ಬರಲಿ ಅಂತ ಕಾಯುವ ಮಕ್ಕಳೂ ಇದ್ದಾರೆ. ತಕರಾರು ಬೇರೆ. ಆ ಬರಹಗಳಲ್ಲಿ ಅಮ್ಮ ಎಂದೂ ದಣಿಯುವುದಿಲ್ಲ, ಎಲ್ಲರೂ ಉಂಡ ಮೇಲೆ ಪಾತ್ರೆಯ ತಳ ಕೆರೆಯುವುದಿಲ್ಲ. ಮುಸುರೆ ತಿಕ್ಕಲು ಹಿತ್ತಲಿಂದ ಬರುವ ಹೆಂಗಸಿನ ಮನೆಯಲ್ಲಿ ಅವತ್ತು ಏನು ಅಡುಗೆ ಎಂದು ಯಾರೂ ಕೇಳುವುದಿಲ್ಲ.

ಕೇಳಿದ್ದರೆ ಬಸ್ಸಾರಿನ ಸುದ್ದಿ ಸಿಗುತ್ತಿತ್ತು. ಮಡಕೆಯಲ್ಲಿ ತೊಗರಿಕಾಳೋ ಅಲಸಂದೆಯೋ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಬೇಕು. ಮೊದಲೇ ಹಾಕಿದರೆ ಸೊಪ್ಪು ಕರಗಿ ಹೋಗುತ್ತದೆ. ಬೆಂದ ಮೇಲೆ ಕಟ್ಟು ಬಸಿಯಬೇಕು. ಮೇಲೆ ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಬಿದ್ದರೆ ಪಲ್ಯ. ಕಟ್ಟಿಗೆ ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ, ಹುಣಸೆ ಅರೆದು ಹಾಕಿದರೆ ಸಾರು. ಅರೆಯುವಾಗ ಬೆಂದ ಕಾಳು-ಸೊಪ್ಪು ಒಂದು ಹಿಡಿ ಜೊತೆಗೆ ಸೇರಿಸುತ್ತಾಳೆ, ಸಾರು ಗಟ್ಟಿಯಾಗುತ್ತದೆ, ತೆಂಗಿನಕಾಯಿ ಇಲ್ಲದ್ದು ಗೊತ್ತೇ ಆಗುವುದಿಲ್ಲ. ಒಂದೇ ಒಲೆ, ಒಂದೇ ಮಡಕೆ, ಒಂದೇ ಸಲದ ಸೌದೆ, ಎರಡು ಪದಾರ್ಥ. ಮಸಾಲೆಗೆ ಕಾಸಿಲ್ಲದ ದಿನ ಅದೇ ಕಟ್ಟಿಗೆ ಉಪ್ಪು, ಮೇಲೆ ಹಸಿಮೆಣಸಿನಕಾಯಿ-ಬೆಳ್ಳುಳ್ಳಿ ಖಾರ: ಉಪ್ಸಾರು. ಹಿಟ್ಟು ತೊಳಸುವಾಗ ಗಂಟಾಗದ ಹಾಗೆ ನೀರಿನ ಅಂದಾಜು ಹಿಡಿಯುವುದಿದೆಯಲ್ಲ, ಯಾವ ಅಳತೆ ಲೋಟವೂ ಇಲ್ಲದೆ, ಅದು ಕಣ್ಣಿಗೂ ಕಿವಿಗೂ ಬಂದಿರುವ ವಿದ್ಯೆ. ನಮ್ಮವರನ್ನು ವಿದ್ಯೆ ಇಲ್ಲದವರು ಎಂದು ಬರೆದ ಪುಸ್ತಕಗಳನ್ನು ಓದಿಯೇ ನಾವು ಪದವಿ ಪಡೆದದ್ದು.

ಇಲ್ಲಿ ನಮ್ಮ ಚಳುವಳಿಯ ಸಾಹಿತ್ಯವನ್ನೂ ಕೇಳಬೇಕು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದ ಮೇಲೆ ಬಂದ ಕಾವ್ಯದಲ್ಲಿ ಹಸಿವು ದಂಡಿಯಾಗಿದೆ. ಬರಲೇಬೇಕಿತ್ತು. ಆದರೆ ರುಚಿ? ಒಣಗಿದ ಮೊಲೆಯ, ಬತ್ತಿದ ಹೊಟ್ಟೆಯ ಅವ್ವ ನೂರು ಕವಿತೆಗಳಲ್ಲಿದ್ದಾಳೆ. ಸಾರಿನ ಉಪ್ಪು ನೋಡಲು ಅಂಗೈಗೆ ಎರಡು ಹನಿ ಬಿಟ್ಟುಕೊಂಡು ತಲೆದೂಗುವ ಅವ್ವ ಎಷ್ಟು ಕವಿತೆಗಳಲ್ಲಿದ್ದಾಳೆ? ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಕದ್ದು ತಂದ ಕಡ್ಲೆಕಾಯನ್ನು ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಕೂತು ತಿನ್ನುವ ಭಾಗ ನಮಗೆ ಅದಕ್ಕೇ ಅಷ್ಟು ಹತ್ತಿರ. ಅಲ್ಲಿ ಹಸಿವೂ ಇದೆ, ತಿನ್ನುವ ಸುಖವೂ ಇದೆ, ಒಂದು ಇನ್ನೊಂದನ್ನು ಮರೆಸುವುದಿಲ್ಲ. ಬರೆದವರಲ್ಲಿ ಗಂಡಸರೇ ಹೆಚ್ಚಾದ್ದರಿಂದ ಒಲೆಯ ಮುಂದಿನ ಬುದ್ಧಿವಂತಿಕೆ ಕಣ್ಣಿಗೆ ಬಿದ್ದಿಲ್ಲ ಎಂದು ನಮ್ಮ ಅನುಮಾನ.

ಮರಾಠಿಯಲ್ಲಿ ಶಾಹು ಪಾಟೋಳೆ ಈ ಕೆಲಸ ಮಾಡಿದ್ದಾರೆ. 2015ರಲ್ಲಿ ಬಂದ ಅವರ 'ಅನ್ನ ಹೇ ಅಪೂರ್ಣಬ್ರಹ್ಮ' ಮರಾಠವಾಡದ ದಲಿತರ ಅಡುಗೆಯ ಪುಸ್ತಕ. 2024ರಲ್ಲಿ ಇಂಗ್ಲಿಷಿಗೂ ಬಂತು. ಅನ್ನವೇ ಪೂರ್ಣಬ್ರಹ್ಮ ಎನ್ನುವವರಿಗೆ ಒಂದೇ ಅಕ್ಷರದಲ್ಲಿ ಉತ್ತರ. ಇಂಥ ಪುಸ್ತಕ ಬರೆಯುವುದು ಸುಲಭವಲ್ಲ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಎಂದರು, ನಮ್ಮ ಹಿರಿಯರು ಎಷ್ಟೋ ಕಡೆ ಬಿಟ್ಟರು. ಅದು ಸ್ವಾಭಿಮಾನ. ಹಾಗೆಂದು ಬಾಡನ್ನು ಸೀಳಿ, ಉಪ್ಪು ಅರಿಸಿನ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣಹಾಕಿ, ಮಳೆಗಾಲಕ್ಕೆ ಉಪ್ಪುಕಂಡ ಎತ್ತಿಟ್ಟ ಕೈಗಳ ತಿಳಿವಳಿಕೆಯನ್ನು ನಾಚಿಕೆಯಿಂದ ಮುಚ್ಚಿಡಬೇಕೆ? ಆ ಹಳೆಯ ಬದುಕನ್ನು ಮತ್ತೆ ಬಾ ಎಂದು ನಾವು ಕರೆಯುತ್ತಿಲ್ಲ, ಅದರ ಲೆಕ್ಕ ಬರೆದಿಡಬೇಕು ಎನ್ನುತ್ತಿದ್ದೇವೆ.

ಇದು ಬರೀ ಪುಸ್ತಕದ ಜಗಳವಲ್ಲ. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಮಠಾಧೀಶರು ಎದ್ದು ನಿಂತರು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗೆ ಹೊರಟ ಸೂಚನೆಯಲ್ಲಿ ಮದ್ಯ, ತಂಬಾಕಿನ ಪಕ್ಕದಲ್ಲೇ ಬಾಡನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ ಕಣ್ರೀ! ಜನ ಬಾಡೂಟ ಬೇಕೆಂದು ದನಿ ಎತ್ತಿದ್ದು ನಾಲಗೆ ಚಪಲಕ್ಕಲ್ಲ.

ಹಳ್ಳಿಯ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಗೆಳೆಯ ಗೆಳತಿಯರಲ್ಲಿ ಕೇಳಿಕೊಳ್ಳುವುದಿಷ್ಟು. ರಜೆಗೆ ಊರಿಗೆ ಹೋದಾಗ ಅವ್ವ, ಅಜ್ಜಿ, ಸೋದರತ್ತೆ ಮಾಡುವ ಒಂದು ಅಡುಗೆ ಬರೆದು ಕಳಿಸಿ. ಅವರ ಮಾತಿನಲ್ಲೇ ಬರೆಯಿರಿ. ಬೊಗಸೆ, ಪಾವು, ಚಟಾಕು ಅಂದರೆ ಹಾಗೇ ಇರಲಿ, ಗ್ರಾಮಿಗೆ ತಿರುಗಿಸಬೇಡಿ. ಸೊಪ್ಪು ಯಾರ ಹೊಲದ್ದು, ಸೌದೆ ಎಷ್ಟು ದೂರದ್ದು, ಕೊನೆಗೆ ಉಂಡವರು ಯಾರು, ಅವರಿಗೆಷ್ಟು ಉಳಿಯಿತು, ಅದನ್ನೂ ಸಾಮಗ್ರಿಯ ಪಟ್ಟಿಯಲ್ಲೇ ಸೇರಿಸಿ.