ಆಫ್‌ಸೆಟ್ ಪೆಟ್ಟಿಗೆಗೆ ಕೈ ಹಾಕಬೇಡಿ

‘ನಾನೇ ಬರೆದ ಮಾಡೆಲ್ ಕೀಕ್ಯಾಡ್‌ನ ತ್ರೀಡಿ ವ್ಯೂವರಿನಲ್ಲಿ ಕಾಣುವುದೇ ಇಲ್ಲ ಸರ್’ ಎಂದು ಶಿರ್ವ, ಬಂಟಕಲ್ಲು ಕಡೆಯ ಪ್ರಾಜೆಕ್ಟ್ ಹುಡುಗರು ಕೇಳುತ್ತಲೇ ಇರುತ್ತಾರೆ. ಕೀಕ್ಯಾಡ್ ಎಂದರೆ ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ತಂತ್ರಾಂಶ. ಉತ್ತರ ಚಿಕ್ಕದು: ಮೊದಲು ಫೈಲಿನ ದಾರಿ ನೋಡಿ. ‘ಸಿ’ ಡ್ರೈವಿನಿಂದ ಶುರುವಾಗುವ ಪೂರ್ತಿ ವಿಳಾಸ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ನಡೆಯುತ್ತದೆ. ಮಾಡೆಲನ್ನು ಪ್ರಾಜೆಕ್ಟ್ ಫೋಲ್ಡರಿನೊಳಗೇ ಇಟ್ಟು, ದಾರಿಯಲ್ಲಿ ಆ ಫೋಲ್ಡರನ್ನು ಸೂಚಿಸುವ ‘ಕೆಐಪಿಆರ್‌ಜೆಎಂಒಡಿ’ ಬಳಸಿ. ಲಿನಕ್ಸಿಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ ಎಂಬುದೂ ನೆನಪಿರಲಿ. 2025ರಲ್ಲಿ ಬಂದ ಕೀಕ್ಯಾಡ್ 9ನೇ ಆವೃತ್ತಿಯಲ್ಲಿ ಮಾಡೆಲನ್ನು ಬಿಡಿಭಾಗದ ಫುಟ್‌ಪ್ರಿಂಟಿನೊಳಗೇ ಹುದುಗಿಸಿಡಬಹುದು. ದಾರಿಯ ತಕರಾರು ಅಲ್ಲಿಗೆ ಮುಗಿಯಿತು.

ನನ್ನ ನಿಜವಾದ ಜಗಳ ಮಾಡೆಲ್ ಕಂಡ ಮೇಲೆ ಶುರುವಾಗುವಂಥದ್ದು. ರಿಲೇ ಅಡ್ಡ ಬಿದ್ದಿದೆ, ಪಿನ್ನು ತೂತಿನಿಂದ ಪಕ್ಕಕ್ಕೆ ಸರಿದಿದೆ. ಕೂಡಲೇ ಆಫ್‌ಸೆಟ್, ರೊಟೇಶನ್, ಸ್ಕೇಲ್ ಪೆಟ್ಟಿಗೆಗಳಲ್ಲಿ ಅಂಕಿ ತಿರುಗಿಸಿ, ಕಣ್ಣಿಗೆ ಸರಿ ಕಂಡಲ್ಲಿ ನಿಲ್ಲಿಸುವ ಒಂದು ಪಂಥವೇ ಇದೆ. ಈ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆ ಅಂಕಿಗಳು ಉಳಿಯುವುದು ಫುಟ್‌ಪ್ರಿಂಟಿನಲ್ಲಿ. ಮಾಡೆಲಿನ ಸ್ಟೆಪ್ ಫೈಲಿನಲ್ಲಿ ತಪ್ಪು ಹಾಗೆಯೇ ಇರುತ್ತದೆ. ಅದೇ ಮಾಡೆಲನ್ನು ಇನ್ನೊಂದು ಫುಟ್‌ಪ್ರಿಂಟಿಗೆ ಕೊಟ್ಟರೆ ರಿಲೇ ಮತ್ತೆ ಅಡ್ಡ. 0.3 ಮಿ.ಮೀ. ವ್ಯತ್ಯಾಸ ಪರದೆಯಲ್ಲಿ ಕಣ್ಣಿಗೆ ಬೀಳುವುದೂ ಇಲ್ಲ.

ಅಡ್ಡ ಬೀಳುವುದಕ್ಕೆ ಕಾರಣವಿದೆ. ಕೀಕ್ಯಾಡ್‌ಗೆ ಮೇಲ್ಮುಖವಾದದ್ದು ಝಡ್ ಅಕ್ಷ. ಕೆಲವು ಕ್ಯಾಡ್‌ಗಳಲ್ಲಿ ವೈ ಅಕ್ಷ ಮೇಲ್ಮುಖ. ಗಾತ್ರ 2.54 ಪಟ್ಟು ಉಬ್ಬಿದ್ದರೆ ಅದು ಮಿಲಿಮೀಟರಿನಲ್ಲಿ ಬರೆದ ವಿಆರ್‌ಎಂಎಲ್ ಫೈಲು. ಕೀಕ್ಯಾಡ್ ಅದರ ಒಂದು ಯೂನಿಟ್ಟನ್ನು 0.1 ಇಂಚು ಎಂದು ಓದುತ್ತದೆ. ಎಲ್ಲಕ್ಕೂ ಮದ್ದು ಮಾಡೆಲ್ ಬರೆಯುವ ಫ್ರೀಕ್ಯಾಡ್‌ನಲ್ಲಿದೆ: ಅಲ್ಲೇ ನಿಲ್ಲಿಸಿ, ಅಲ್ಲೇ ಸರಿಸಿ, ಸ್ಟೆಪ್ ಆಗಿ ಹೊರತೆಗೆಯಿರಿ. ಎಲ್ಲಿಗೆ ಸರಿಸಬೇಕೆಂದು ತಿಳಿಯಲು ಕೀಕ್ಯಾಡ್ ಲೈಬ್ರರಿಯ ನಿಯಮಾವಳಿಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ತೂತಿನ ಬಿಡಿಭಾಗವಾದರೆ ಒಂದನೇ ಪಿನ್ನು ಫುಟ್‌ಪ್ರಿಂಟಿನ ಮೂಲಬಿಂದು, ಬೋರ್ಡಿನ ಮೇಲ್ಮೈಗೆ ಬೆಸೆಯುವ ಎಸ್‌ಎಂಡಿಯಾದರೆ ಒಡಲಿನ ನಡುಮಧ್ಯ ಎಂದು ಅದು ಖಚಿತವಾಗಿ ಹೇಳುತ್ತದೆ. ಮಾಡೆಲ್ಲಿನ ಮೂಲಬಿಂದುವೂ ಅಲ್ಲೇ ಇದ್ದರೆ ಆಫ್‌ಸೆಟ್ಟಿನ ಮೂರೂ ಪೆಟ್ಟಿಗೆಗಳಲ್ಲಿ ಸೊನ್ನೆ.

ಇಷ್ಟೆಲ್ಲ ಒದ್ದಾಟ ಬರೀ ಚಂದಕ್ಕೇ ಎಂದು ಕೇಳುವವರಿಗೆ ನಮ್ಮೂರ ತೋಟದ ಪಂಪಿನ ಆಟೋ ಸ್ಟಾರ್ಟರನ್ನೇ ತೋರಿಸುತ್ತೇನೆ. ಶುಗರ್ ಕ್ಯೂಬ್ ರಿಲೇ, ಸ್ಕ್ರೂ ಟರ್ಮಿನಲ್, ಊರಲ್ಲೇ ಸುತ್ತಿಸಿದ ಟ್ರಾನ್ಸ್‌ಫಾರ್ಮರ್, ಎಲ್ಲವೂ ತಗಡಿನ ಪೆಟ್ಟಿಗೆಯೊಳಗೆ ಹಿಡಿಸಬೇಕು. ಈ ಟ್ರಾನ್ಸ್‌ಫಾರ್ಮರಿಗೆ ರೆಡಿ ಮಾಡೆಲ್ ಎಲ್ಲೂ ಸಿಗದು. ವರ್ನಿಯರ್ ಹಿಡಿದು ನೀವೇ ಅಳೆಯಬೇಕು. ನುಣುಪಾದ ಮೂಲೆ, ಬಣ್ಣ, ಕಂಪನಿಯ ಹೆಸರು ಬೇಡ. ಅತಿ ದೊಡ್ಡ ಉದ್ದ, ಅಗಲ, ಎತ್ತರ ಸಾಕು.

ಆದರೆ ಪಿನ್ನುಗಳನ್ನು ಬಿಡಬೇಡಿ. ಬರೀ ಮೇಲಿನ ಒಡಲನ್ನು ಬರೆದ ಮಾಡೆಲ್ ಬೋರ್ಡಿನ ಕೆಳಗೆ ಏನೂ ಇಲ್ಲವೆಂದೇ ತೋರಿಸುತ್ತದೆ. ಪಿನ್ನಿನ ಉದ್ದದಲ್ಲಿ ಬೋರ್ಡಿನ 1.6 ಮಿ.ಮೀ. ಕಳೆದು ಉಳಿದಷ್ಟು ಕೆಳಕ್ಕೆ ಚಾಚುತ್ತದೆ, ಅದರ ಮೇಲೆ ಬೆಸುಗೆಯ ಗುಬ್ಬಿ ಬೇರೆ. ಅಲ್ಲಿರುವುದು 230 ವೋಲ್ಟ್, ಕೆಳಗಿರುವುದು ತಗಡು. ಸ್ಪೇಸರ್ ಎಷ್ಟು ಎತ್ತರದ್ದು ಬೇಕೆಂದು ಆ ಪಿನ್ನು ನೋಡಿಯೇ ನಿರ್ಧರಿಸಬೇಕು.