ಆಟದ ಪುಟ ಮತ್ತು ನ್ಯಾಯದ ಮಾತು

ಉರ್ದುವಿನಲ್ಲಿ ‘ಮುಲ್ಜಿಮ್’ ಮತ್ತು ‘ಮುಜ್ರಿಮ್’ ಎಂಬ ಎರಡು ಪದಗಳಿವೆ. ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಮೊದಲನೆಯದು ಆರೋಪ ಹೊತ್ತವನನ್ನು, ಎರಡನೆಯದು ಅಪರಾಧ ಸಾಬೀತಾದವನನ್ನು ಸೂಚಿಸುತ್ತದೆ. ಕನ್ನಡದಲ್ಲಿ ಆರೋಪಿ ಮತ್ತು ಅಪರಾಧಿ ಎನ್ನುತ್ತೇವೆ. ಇವೆರಡರ ನಡುವೆ ತನಿಖೆ, ದೋಷಾರೋಪ ಪಟ್ಟಿ, ಸಾಕ್ಷಿ, ಪಾಟೀಸವಾಲು, ತೀರ್ಪು ಎಂಬ ಉದ್ದನೆಯ ದಾರಿಯಿದೆ. ಆರೋಪ ಬಂದದ್ದು ಹೆಸರಾಂತ ಆಟಗಾರನ ಮೇಲಾದರೆ ನಮ್ಮ ಮಾಧ್ಯಮಗಳು ಈ ದಾರಿಯನ್ನು ಒಂದೇ ರಾತ್ರಿಯಲ್ಲಿ ಕ್ರಮಿಸಿಬಿಡುತ್ತವೆ.

ದೂರದ ಉದಾಹರಣೆ ಬೇಡ. 2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫೈನಲ್ ನಡೆಯಿತು. ಹುಬ್ಬಳ್ಳಿ ಟೈಗರ್ಸ್ ತಂಡ ಬಳ್ಳಾರಿ ಟಸ್ಕರ್ಸ್ ತಂಡವನ್ನು 8 ರನ್‌ಗಳಿಂದ ಸೋಲಿಸಿತು. ಸೆಪ್ಟೆಂಬರಿನಲ್ಲಿ ಬೆಳಗಾವಿ ತಂಡದ ಮಾಲೀಕರ ಬಂಧನವಾಯಿತು. ನವೆಂಬರ್ 7ರಂದು ಬಳ್ಳಾರಿ ತಂಡದ ನಾಯಕ ಸಿ.ಎಂ. ಗೌತಮ್ ಮತ್ತು ಅದೇ ತಂಡದ ಅಬ್ರಾರ್ ಕಾಝಿ ಅವರನ್ನು ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಬಂಧಿಸಿದರು. ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟ್ ಮಾಡಲು 20 ಲಕ್ಷ ರೂಪಾಯಿ ಪಡೆದರೆಂಬುದು ಪೊಲೀಸರ ಆರೋಪ. ರಣಜಿ ತಂಡದಲ್ಲಿ ವರ್ಷಗಟ್ಟಲೆ ವಿಕೆಟ್ ಕಾಯ್ದ ಗೌತಮ್ ಆಗ ಗೋವಾ ಪರ ಆಡಲು ಹೋಗಿದ್ದರು. ಗೋವಾದವರು ಅವರ ಒಪ್ಪಂದವನ್ನು ರದ್ದು ಮಾಡಿದರು.

ಇಂಥ ಸಂದರ್ಭದಲ್ಲಿ ಸುದ್ದಿ ಹೇಗೆ ಬರುತ್ತದೆಂಬುದು ಓದುಗರಿಗೆ ಗೊತ್ತಿದೆ. ‘ಮೂಲಗಳ ಪ್ರಕಾರ’ ಎಂಬ ಎರಡು ಪದ ಮೊದಲ ಸಾಲಿನಲ್ಲಿರುತ್ತದೆ, ಎರಡನೇ ಪ್ಯಾರಾ ಹೊತ್ತಿಗೆ ಬಿದ್ದುಹೋಗುತ್ತದೆ. ತಲೆಬರಹದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಜವಾಬ್ದಾರಿ ಮುಗಿಯಿತು. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಆಟಗಾರ ಬಂಧನವಾದ ಕ್ಷಣದಿಂದ ಸುದ್ದಿ ಕ್ರೀಡಾಪುಟದಿಂದ ಅಪರಾಧ ವರದಿಗಾರನ ಕೈಗೆ ಹೋಗುತ್ತದೆ. ಪ್ರತಿ ಎಸೆತವನ್ನೂ ಕಂಡ ಕ್ರೀಡಾ ವರದಿಗಾರ ಸುಮ್ಮನಾಗುತ್ತಾನೆ. ನಿಧಾನದ ಬ್ಯಾಟಿಂಗ್‌ಗೆ ಪಿಚ್ ಕಾರಣವೋ, ಎದುರಾಳಿಯ ಬೌಲಿಂಗ್ ಕಾರಣವೋ, ಬೇರೇನಾದರೂ ಇತ್ತೋ ಎಂದು ತೂಗಿ ಹೇಳಬಲ್ಲವನು ಅವನೇ. ಲೀಗ್‌ನ ತಂಡಗಳನ್ನು ಯಾರು ಕೊಂಡರು, ಅವರ ಹಣ ಎಲ್ಲಿಂದ ಬಂತು, ಮೈದಾನದ ಸುತ್ತ ಯಾರು ಓಡಾಡುತ್ತಿದ್ದರು ಎಂಬುದನ್ನು ಮೊದಲೇ ಕೇಳಬೇಕಾಗಿದ್ದವನೂ ಅವನೇ. ಆಟಗಾರರ ಸಂದರ್ಶನ, ಸಂಸ್ಥೆಗಳ ಕೃಪೆ ಇವುಗಳ ಮೇಲೆ ಬದುಕುವ ಪುಟಕ್ಕೆ ಇಂಥ ಪ್ರಶ್ನೆ ಕೇಳುವ ಅಭ್ಯಾಸ ಇರುವುದಿಲ್ಲ.

2022ರ ಜನವರಿ 10ರಂದು ಕರ್ನಾಟಕ ಹೈಕೋರ್ಟ್ ಕಾಝಿ, ಗೌತಮ್ ಮೊದಲಾದವರ ಮೇಲಿದ್ದ ವಂಚನೆಯ ಪ್ರಕರಣವನ್ನು ರದ್ದುಗೊಳಿಸಿತು. ಇಲ್ಲಿ ಸ್ವಲ್ಪ ನಿಧಾನಿಸಿ ಓದಬೇಕು. ‘ಇವರು ತಪ್ಪು ಮಾಡಿಲ್ಲ’ ಎಂದು ನ್ಯಾಯಾಲಯ ಹೇಳಲಿಲ್ಲ. ಮ್ಯಾಚ್ ಫಿಕ್ಸಿಂಗ್ ಆಟಗಾರನ ಅಪ್ರಾಮಾಣಿಕತೆಯನ್ನು, ಅಶಿಸ್ತನ್ನು ತೋರಿಸಬಹುದು, ಅದಕ್ಕೆ ಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಗಿದೆ ಎಂದಿತು. ಆದರೆ ಭಾರತೀಯ ದಂಡಸಂಹಿತೆಯ 420ನೇ ಕಲಮಿನಡಿ ವಂಚನೆ ಎನ್ನಬೇಕಾದರೆ ಒಬ್ಬನನ್ನು ಮೋಸದಿಂದ ಪ್ರೇರೇಪಿಸಿ ಅವನ ಸ್ವತ್ತನ್ನು ಪಡೆದಿರಬೇಕು. ಪ್ರೇಕ್ಷಕರು ಟಿಕೆಟ್ ಕೊಂಡದ್ದು ಸ್ವಇಚ್ಛೆಯಿಂದ, ಆದ್ದರಿಂದ ಈ ಕಲಮು ಅನ್ವಯಿಸದು ಎಂದಿತು. ಅಂದರೆ ಕೊರತೆ ಇದ್ದದ್ದು ಕಾನೂನಿನಲ್ಲಿ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಅತ್ತ ಲೀಗ್ ಅದೇ ವರ್ಷದ ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಬಂತು.

ಇಂಥ ಆದೇಶವನ್ನು ಹೇಳಲು ನಮ್ಮ ಪತ್ರಿಕಾಭಾಷೆಯಲ್ಲಿ ಪದವೇ ಇಲ್ಲ. ಒಂದೋ ‘ಕಳ್ಳಾಟ’, ಇಲ್ಲವೇ ‘ಕ್ಲೀನ್ ಚಿಟ್’. ಈ ಆದೇಶ ಎರಡಕ್ಕೂ ಸೇರದು. ಅದನ್ನು ಬಿಡಿಸಿ ಹೇಳಿದ್ದರೆ, ಆಟದಲ್ಲಿನ ಮೋಸಕ್ಕೆ ಪ್ರತ್ಯೇಕ ಕಾನೂನು ಬೇಕೇ ಎಂಬ ಚರ್ಚೆ ಊರೂರಲ್ಲಿ ಆಗಬಹುದಿತ್ತು.

‘ರದ್ದು’ ಎಂಬ ಪದದ ತೂಕ ಎಲ್ಲ ಕಡೆಯೂ ಒಂದೇ ಅಲ್ಲ. ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ವಯಸ್ಸಿನ ದಾಖಲೆ ತಿದ್ದಿದ್ದಾರೆಂದು 2022ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಪ್ರಕರಣ ದಾಖಲಾಯಿತು. ಹೈಕೋರ್ಟ್ ಅದನ್ನು ಕೈಬಿಡಲು ಒಪ್ಪಲಿಲ್ಲ. 2025ರ ಜುಲೈ 28ರಂದು ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಹಿಂದೆಯೇ ಸಂಬಂಧಪಟ್ಟ ಸಂಸ್ಥೆಗಳು ವೈದ್ಯಕೀಯ ಪರೀಕ್ಷೆ ಸಹಿತ ವಿಚಾರಿಸಿ ಮುಗಿಸಿದ್ದ ದೂರನ್ನು ಮತ್ತೆ ಎಳೆಯುವುದು ನ್ಯಾಯಪ್ರಕ್ರಿಯೆಯ ದುರುಪಯೋಗ ಎಂದಿತು. ಇಲ್ಲಿ ಆರೋಪದ ಹುರುಳನ್ನೇ ನೋಡಲಾಗಿದೆ. ಆ ಆದೇಶಕ್ಕೂ ಈ ಆದೇಶಕ್ಕೂ ಅಜಗಜಾಂತರ. ಆದರೂ ಎರಡಕ್ಕೂ ಸಲ್ಲುವುದು ‘ಬಿಗ್ ರಿಲೀಫ್’ ಎಂಬ ಒಂದೇ ತಲೆಬರಹ.

ಮುಹಮ್ಮದ್ ಅಝರುದ್ದೀನ್ ಅವರ ಪ್ರಕರಣದಲ್ಲಿ ಇನ್ನೊಂದು ರೋಗ ಕಂಡಿತು. 2000ದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಅವರು ಶತಕ ಬಾರಿಸಿದರು. ಅದು ಅವರ 99ನೇ ಟೆಸ್ಟ್, ಕೊನೆಯದೂ ಹೌದು. ಡಿಸೆಂಬರಿನಲ್ಲಿ ಮಂಡಳಿ ಆಜೀವ ನಿಷೇಧ ಹೇರಿತು. ಅದು ಕಾನೂನಿನ ಮುಂದೆ ನಿಲ್ಲದೆಂದು ಆಂಧ್ರಪ್ರದೇಶ ಹೈಕೋರ್ಟ್ ಹೇಳಿದ್ದು 2012ರ ನವೆಂಬರಿನಲ್ಲಿ. ಆ ಹನ್ನೆರಡು ವರ್ಷಗಳಲ್ಲಿ ಹೆಸರು ನೋಡಿಯೇ ತಪ್ಪಿತಸ್ಥ ಎಂದವರಿದ್ದರು, ಹೆಸರು ನೋಡಿಯೇ ನಿರ್ದೋಷಿ ಎಂದವರೂ ಇದ್ದರು. ಇಬ್ಬರೂ ಸಾಕ್ಷಿ ಕೇಳಲಿಲ್ಲ. ನಮ್ಮವನೆಂಬ ಕಾರಣಕ್ಕೆ ನಾವು ಕೊಡುವ ಬಿಡುಗಡೆ, ಅವರವನೆಂಬ ಕಾರಣಕ್ಕೆ ಅವರು ಕೊಡುವ ಶಿಕ್ಷೆಗಿಂತ ಹೆಚ್ಚು ನ್ಯಾಯವಾದದ್ದೇನಲ್ಲ. ಕೆಪಿಎಲ್ ಪ್ರಕರಣದಲ್ಲಿ ಒಬ್ಬ ಗೌತಮ್, ಒಬ್ಬ ಅಬ್ರಾರ್. ಆರೋಪ ಒಂದೇ, ಆದೇಶವೂ ಒಂದೇ. ಹೆಸರು ಓದಿ ತೀರ್ಪು ಕೊಡುವವರು ಇದನ್ನು ಗಮನಿಸಬೇಕು.

ಬೆಂಗಳೂರು, ಮೈಸೂರುಗಳ ನಡುವಿನ ಮದ್ದೂರು ಸೀಮೆಯ ಚಿಕ್ಕರಸಿನಕೆರೆಯಂಥ ಊರಿನ ಓದುಗನಿಗೆ ಕೋರ್ಟಿನ ಆದೇಶ ಓದುವ ಅನುಕೂಲವಿಲ್ಲ. ಹೋಟೆಲಿನ ಮೇಜಿನ ಮೇಲಿನ ಪತ್ರಿಕೆಯೋ ಗೋಡೆಯ ಟಿವಿಯೋ ಹೇಳಿದ್ದೇ ಅವನಿಗೆ ಸತ್ಯ. ಆದರೆ ಈ ಸೀಮೆಯ ಜನಕ್ಕೆ ನ್ಯಾಯದ ರೀತಿ ತಿಳಿಯದ್ದಲ್ಲ. ಜಗಲಿಯ ಪಂಚಾಯಿತಿಯಲ್ಲಿ ನೀರಿನ ಸರದಿಯ ಜಗಳವೇ ಇರಲಿ, ಬದುವಿನ ತಕರಾರೇ ಇರಲಿ, ‘ಅವ್ನೇನ್ ಹೇಳ್ತಾನೆ ಒಸಿ ಕೇಳ್ರಪ್ಪ’ ಎನ್ನುವ ಹಿರಿಯನೊಬ್ಬ ಇದ್ದೇ ಇರುತ್ತಾನೆ. ನಮ್ಮ ಸ್ಟುಡಿಯೋಗಳಲ್ಲಿ ಆ ಹಿರಿಯನ ಕುರ್ಚಿ ಖಾಲಿಯಿದೆ.

ಪತ್ರಿಕೆಗಳು ಮೌನವಾಗಿರಲಿ ಎಂದು ನಾವು ಹೇಳುತ್ತಿಲ್ಲ. ತಾರೆಯ ಮುಖ ನೋಡಿ ದೂರುದಾರರ ಬಾಯಿ ಮುಚ್ಚಿಸುವುದೂ ಅನ್ಯಾಯವೇ. ಕುಸ್ತಿಪಟುಗಳು 2023ರಲ್ಲಿ ದೆಹಲಿಯ ಬೀದಿಯಲ್ಲಿ ಕೂರಬೇಕಾದದ್ದು ಅವರ ಮಾತಿಗೆ ಯಾರೂ ಕಿವಿಗೊಡದ ಕಾರಣಕ್ಕೆ. ನಾವು ಕೇಳುವುದು ಇಷ್ಟೇ: ಯಾವ ಕಲಮು, ಪ್ರಕರಣ ಯಾವ ಹಂತದಲ್ಲಿದೆ, ಆರೋಪಿ ಏನೆನ್ನುತ್ತಾನೆ ಎಂಬ ಮೂರು ಸಂಗತಿ ಪ್ರತಿ ವರದಿಯಲ್ಲೂ ಇರಲಿ. ಆರೋಪ ಬಂದ ಪುಟದಲ್ಲೇ, ಅಷ್ಟೇ ಜಾಗದಲ್ಲಿ, ಆದೇಶವೂ ಬರಲಿ. ಆ ಆದೇಶ ಏನು ಹೇಳಿತು, ಏನು ಹೇಳಲಿಲ್ಲ ಎಂಬುದನ್ನು ಆಟ ಬಲ್ಲವನೊಬ್ಬ ತಿಳಿಗನ್ನಡದಲ್ಲಿ ಬರೆಯಲಿ.